‘ಮುಳ್ಳುತಂತಿ’ಯೋ ‘ನಾಳೆ ರಜೆ’ಯೋ

ಗಿರಣಿಯ ಮೋಟಾರು ಬೆಳಿಗ್ಗೆಯೇ ಕೈಕೊಟ್ಟಿತ್ತು. ಮೊದಲು ಕಿರುಗುಟ್ಟಿತು, ಆಮೇಲೆ ಸುಟ್ಟ ವಾಸನೆ ಬಂತು, ಕೊನೆಗೆ ಒಮ್ಮೆ ನಡುಗಿ ನಿಂತೇಬಿಟ್ಟಿತು. ಗಿರಣಿಯಕ್ಕ ಚೀಲ ಹೊತ್ತು ಬಂದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಪೇಟೆಯ ಅಂಗಡಿಗೆ ಫೋನು ಮಾಡಿದಳು. ಯಾವಾಗಲೂ ಬರುವ ಮುದುಕ ಮೆಕ್ಯಾನಿಕ್ ಹಾಸಿಗೆ ಹಿಡಿದಿದ್ದಾನೆ, ಬೇರೆಯವನನ್ನು ಕಳಿಸುತ್ತೇವೆ ಎಂದರು.

ಬೇರೆಯವನು ಎಂಬ ಮಾತಿಗೇ ಅವಳು ಹೆದರಿದಳು. ಹೊಸ ಮುಖ ಎಂದರೆ ಅವಳಿಗೆ ಯಾವಾಗಲೂ ಹಾಗೇ. ಜನಗಣತಿಯವರು ಬಂದರೂ ಅಷ್ಟೇ, ಕರೆಂಟಿನ ಮೀಟರು ನೋಡುವವನು ಬದಲಾದರೂ ಅಷ್ಟೇ. ಎದ್ದುಹೋಗಿ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ತಮ್ಮನನ್ನು ನೋಡಿದಳು. ಅವನು ಬೀಸುವ ಕಲ್ಲನ್ನು ಮಗುಚಿ ಹಾಕಿಕೊಂಡು, ಉಳಿ ಸುತ್ತಿಗೆ ಹಿಡಿದು ಅದರ ಸವೆದ ಹಲ್ಲುಗಳನ್ನು ಮತ್ತೆ ಮೂಡಿಸಲು ಕೂತಿದ್ದ. ಗಿರಣಿ ನಿಂತ ದಿನ ಅದೇ ಅವನ ಕೆಲಸ.

"ಹೊಸಬ ಬರ್ತಾನಂತೆ" ಎಂದಳು.

ತಮ್ಮ ತಲೆಯೆತ್ತದೆ ಹೂಂ ಎಂಬಂತೆ ಕತ್ತು ಆಡಿಸಿದ.

ಊರಿನ ಮಟ್ಟಿಗೆ ಅವನು ಮೂಗಣ್ಣ. ಗಂಟಲಲ್ಲಿ ಗಡ್ಡೆಯಾಗಿತ್ತು, ಆಪರೇಷನ್ನಿನಲ್ಲಿ ದನಿಯೂ ಹೋಯಿತು ಎಂದು ಅಕ್ಕನೇ ಊರಿಗೆ ಹೇಳಿದ್ದಳು. ಊರು ನಂಬಿ ಇಪ್ಪತ್ತು ವರ್ಷದ ಮೇಲಾಗಿತ್ತು. ಒಮ್ಮೆ ಬೆಲ್ಟಿಗೆ ಕೈಸಿಕ್ಕಿ ಉಗುರು ಕಿತ್ತುಬಂದಾಗಲೂ ಅವನು ತುಟಿ ಕಚ್ಚಿ ಹಿಡಿದನೇ ಹೊರತು ಉಸಿರೆತ್ತಲಿಲ್ಲ. ಮೊದಮೊದಲು ಮನೆಯೊಳಗೆ, ಕಿಟಕಿ ಮುಚ್ಚಿದ ಮೇಲೆ, ಪಿಸುಮಾತಿನಲ್ಲಿ ಒಂದೆರಡು ಮಾತಾಡುತ್ತಿದ್ದ. ಗೋಡೆಗೂ ಭಯಪಡುತ್ತಿದ್ದ ಅಕ್ಕ ಅದನ್ನೂ ಬಿಡಿಸಿದಳು. ಅವನ ದನಿ ಹೇಗಿತ್ತೆಂಬುದು ಅವಳಿಗೇ ಮರೆತುಹೋಗಿತ್ತು.

ಮರೆಯಲಾರದವರು ಹೊರಗಿದ್ದರು. ಕರ್ಫ್ಯೂ ವರ್ಷಗಳಲ್ಲಿ, ನಾಲ್ಕು ಜನ ಒಟ್ಟಿಗೆ ನಿಂತರೆ ಲಾಠಿ ಬೀಸುತ್ತಿದ್ದ ಕಾಲದಲ್ಲಿ, ಗೋದಾಮುಗಳಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ ಹಾರ್ಡ್‌ಕೋರ್ ಪಂಕ್ ಎಂಬ ಅಬ್ಬರದ ಸಂಗೀತದ ಕಛೇರಿಗಳಲ್ಲಿ, ಗುರುತು ಸಿಗದಂತೆ ಮುಖಕ್ಕೆ ಮಸಿ ಬಳಿದುಕೊಂಡು ‘ಮುಳ್ಳುತಂತಿ’ ಎಂಬ ಬ್ಯಾಂಡಿಗೆ ಹಾಡುತ್ತಿದ್ದವನು ಅವನೇ. ಹಾಡುವುದು ಎಂದರೆ ಹಾಡುವುದಲ್ಲ. ಗಂಟಲು ಹರಿಯುವ ಹಾಗೆ ಕೂಗುವುದು. ಕೊನೆಯ ಕಛೇರಿಯ ದಿನ ಪೊಲೀಸರು ಗೋದಾಮನ್ನು ಸುತ್ತುಗಟ್ಟಿದರು. ನೂಕುನುಗ್ಗಲಿನಲ್ಲಿ ಒಬ್ಬ ಪೇದೆ ಅಟ್ಟದಿಂದ ಬಿದ್ದು ಸತ್ತ. ಕೊಲೆ ಕೇಸಾಯಿತು. ಸಿಕ್ಕವರೆಲ್ಲ ಒಳಗಾದರು. ತಪ್ಪಿಸಿಕೊಂಡವರಲ್ಲಿ ಒಬ್ಬನಾದ ತಮ್ಮ, ಅಕ್ಕನ ಈ ಹಿಟ್ಟಿನ ಧೂಳಿನ ಗಿರಣಿಗೆ ಬಂದು ಬಾಯಿ ಮುಚ್ಚಿ ಕೂತ. ಕೇಸು ಸತ್ತಿರಲಿಲ್ಲ. ಹೋದ ವರ್ಷ ತಾನೇ ‘ಮುಳ್ಳುತಂತಿ’ಯ ಗಿಟಾರಿನವನನ್ನು, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ ಮನುಷ್ಯನನ್ನು, ಮನೆ ಬಾಗಿಲಿಂದ ಕರೆದೊಯ್ದದ್ದು ಪತ್ರಿಕೆಯಲ್ಲಿ ಬಂದಿತ್ತು.

ಊಟದ ಹೊತ್ತಿಗೆ ಬಸ್ಸು ಬಂತು. ಬಸ್ಸು ತಿರುಗಿ ಹೊರಡುವತನಕ ಕಂಡಕ್ಟರು ಗಿರಣಿಯ ಗೋಣಿಚೀಲಗಳ ಮೇಲೆ ಕಾಲುಚಾಚಿ ಕೂರುವುದು ರೂಢಿ. ಮನುಷ್ಯ ಒಳ್ಳೆಯವನು, ಬಾಯಿ ಮಾತ್ರ ನಿಲ್ಲುವುದಿಲ್ಲ. ಅವನ ಹಿಂದೆಯೇ ಮೋಟಾರುಬೈಕಿನಲ್ಲಿ ಹೊಸ ಮೆಕ್ಯಾನಿಕ್ ಬಂದಿಳಿದ. ನೆತ್ತಿಯ ಕೂದಲು ತೆಳುವಾದ, ಮೃದುವಾಗಿ ಮಾತಾಡುವ ಆಸಾಮಿ. ಮೋಟಾರಿಗೆ ಕಿವಿಗೊಟ್ಟು, ಕೈಯಿಂದ ತಿರುಗಿಸಿ ನೋಡಿ, "ಬೇರಿಂಗು ಹೋಗಿದೆ ಅಕ್ಕ, ಬೇರೇನಿಲ್ಲ" ಎಂದ. ಸಲಕರಣೆಯ ಪೆಟ್ಟಿಗೆಯನ್ನು ನೆಲಕ್ಕಿಟ್ಟ.

ಪೆಟ್ಟಿಗೆಯ ಮುಚ್ಚಳದ ಮೇಲೆ ಮೊಳೆಯಿಂದ ಕೆರೆದ ಒಂದು ಚಿತ್ರವಿತ್ತು. ಎರಡು ಗೂಟ, ನಡುವೆ ಮುಳ್ಳಿನ ತಂತಿ.

ಅಕ್ಕ ನೋಡಿದಳು. ಕಂಡಕ್ಟರೂ ನೋಡಿದ.

"ಓಹೋ" ಎಂದು ಕಂಡಕ್ಟರು ಎದ್ದು ಕೂತ. "ನೀವೂ ಆ ಕಡೆಯವರೋ. ಮುಖ ನೋಡಿದ್ರೆ ಭಜನೆ ಮಾಡೋರ ಹಾಗಿದ್ದೀರಿ."

ಮೆಕ್ಯಾನಿಕ್ ನಾಚಿದವನಂತೆ ನಕ್ಕ. "ಹುಡುಗಾಟದಲ್ಲಿ ಕೆರೆದದ್ದು. ಈಗ ಅಳಿಸೋಕೆ ಮನಸ್ಸು ಬರಲ್ಲ. ನಿಮಗೂ ಗೊತ್ತಾ ‘ಮುಳ್ಳುತಂತಿ’?"

"ಗೊತ್ತಾ ಅಂತೆ. ಒಂದು ಕಛೇರಿ ಬಿಟ್ಟಿಲ್ಲ ನಾನು. ಆದ್ರೆ ಬೇಜಾರು ಮಾಡ್ಕೋಬೇಡಿ, ‘ಮುಳ್ಳುತಂತಿ’ ಎರಡನೇದು. ಮೊದಲನೇದು ‘ನಾಳೆ ರಜೆ’."

ಒಳಗಿನ ಕೋಣೆಯಿಂದ ಬರುತ್ತಿದ್ದ ಉಳಿಯ ಸದ್ದು ಒಂದು ಗಳಿಗೆ ತಡೆದು ಮತ್ತೆ ಶುರುವಾಯಿತು.

"ಕಾಫಿ ತರ್ತೀನಿ, ಮೊದಲು ಕೆಲಸ ಆಗಲಿ" ಎಂದಳು ಅಕ್ಕ. ಅವಳ ಮಾತು ಯಾರ ಕಿವಿಗೂ ಹೋಗಲಿಲ್ಲ. ಮೆಕ್ಯಾನಿಕ್ಕಿನ ಕೈ ನಟ್ಟು ಬಿಚ್ಚುತ್ತಿತ್ತು, ಬಾಯಿ ವಾದಕ್ಕೆ ಬಿದ್ದಿತ್ತು.

"‘ನಾಳೆ ರಜೆ’ಗೆ ಹಾಡೋರೇ ಇರಲಿಲ್ಲವಲ್ಲ ಸ್ವಾಮಿ. ಸರದಿ ಮೇಲೆ ಎಲ್ಲರೂ ಕಿರಿಚೋರು. ಸಂತೆ ಇದ್ದ ಹಾಗೆ."

"ಸಂತೆನೇ ಬೇಕಾಗಿತ್ತು ಆಗ. ಅಲ್ಲಿ ಡ್ರಮ್ಮು ಬಾರಿಸ್ತಿದ್ದಳಲ್ಲ ಗುಬ್ಬಿ, ಆ ಹೆಣ್ಣುಮಗಳ ವೇಗ ಯಾರಿಗಿತ್ತು ಹೇಳಿ? ಡ್ರಮ್ಮಿನ ಹಿಂದೆ ಕೂತರೆ ಮುಖ ಕಾಣ್ತಿರಲಿಲ್ಲ, ಅಷ್ಟು ಕುಳ್ಳಿ. ಕೋಲು ಮಾತ್ರ ಕಾಣೋದು. ಅದೂ ಕಾಣ್ತಿತ್ತೋ ಇಲ್ಲವೋ."

"ವೇಗ ಒಪ್ಪಿದೆ. ಬರೀ ವೇಗ ಅಂದ್ರೆ ‘ಕೆಟ್ಟ ಹಾಲು’ ಬ್ಯಾಂಡು ಇನ್ನೂ ವೇಗ."

"ಅವರ ಹೆಸರೆತ್ತಬೇಡಿ. ನಿಧಾನದ ಹಾಡು ಮಾಡಿದ ದಿನವೇ ಅವರ ತಿಥಿ ಆಯ್ತು. ಎರಡು ನಿಮಿಷ ದಾಟಿದ್ರೆ ಅದು ಹಾಡಲ್ಲ, ಭಾಷಣ."

ಇಬ್ಬರೂ ಗಹಗಹಿಸಿ ನಕ್ಕರು. ಹಾಲು ಕಾಯಿಸುತ್ತಿದ್ದ ಅಕ್ಕನ ಕಿವಿ ಮಾತ್ರ ಒಳಗಿನ ಸುತ್ತಿಗೆಯ ಮೇಲಿತ್ತು. ಟಕ್ ಟಕ್ ಎಂದು ಒಂದೇ ಸಮ ಬೀಳುತ್ತಿದ್ದ ಏಟು ಈಗ ಓಡತೊಡಗಿತ್ತು. ಕಲ್ಲಿಗೆ ಹಾಗೆ ಹೊಡೆಯಬಾರದು, ಚಕ್ಕೆ ಏಳುತ್ತದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಲೋಟ ಹಿಡಿದು ಹೋಗುವಾಗ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಗದರಿದಳು. ಅವನ ಹಣೆಯ ಮೇಲೆ ಬೆವರಿತ್ತು. ತುಟಿಯ ಕೊನೆಯಲ್ಲಿ ನಗು ಇತ್ತು. ಇಷ್ಟು ವರ್ಷದಲ್ಲಿ ಅವಳು ಆ ನಗುವನ್ನು ಕಂಡಿರಲಿಲ್ಲ.

"ಈ ಅಣ್ಣನನ್ನೇ ಕೇಳೋಣ" ಎಂದ ಮೆಕ್ಯಾನಿಕ್, ಕೋಣೆಯತ್ತ ಕತ್ತು ಚಾಚಿ.

"ಅವನು ಮೂಗ" ಎಂದಳು ಅಕ್ಕ, ಬೇಕಾದ್ದಕ್ಕಿಂತ ಬೇಗ.

"ಅದಕ್ಕೇ ನನಗೂ ಅವನಿಗೂ ಚೆನ್ನಾಗಿರೋದು" ಎಂದ ಕಂಡಕ್ಟರು. "ಎಷ್ಟು ವರ್ಷದಿಂದ ‘ನಾಳೆ ರಜೆ’ನೇ ದೊಡ್ಡದು ಅಂತ ಹೇಳ್ತಾ ಬಂದಿದ್ದೀನಿ, ಒಂದು ದಿನ ಎದುರು ಮಾತಾಡಿಲ್ಲ."

"ಹಾಗಾದ್ರೆ ಇದನ್ನ ಕೇಳಿ" ಎಂದು ಮೆಕ್ಯಾನಿಕ್ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಫೋನು ತೆಗೆದು ನೆಲದ ಮೇಲಿಟ್ಟ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಾಡಂತೆ. ಮೊದಲು ಸುಯ್ ಎಂಬ ಸದ್ದು, ಆಮೇಲೆ ತಗಡಿನ ಮೇಲೆ ಕಲ್ಲು ಸುರಿದಂತೆ ಗಿಟಾರು. ಅದನ್ನು ಸೀಳಿಕೊಂಡು ಒಬ್ಬ ಹುಡುಗನ ದನಿ ಎದ್ದಿತು. ಅದರಲ್ಲಿ ಮಾತು ಯಾವುದು, ಅರಚಾಟ ಯಾವುದು ತಿಳಿಯುತ್ತಿರಲಿಲ್ಲ. ಅಕ್ಕನಿಗೆ ತಿಳಿಯಿತು. ಚಿಕ್ಕವನಿದ್ದಾಗ ಜ್ವರದಲ್ಲಿ ಅಕ್ಕಾ ಎಂದು ಕೂಗಿದ್ದು ಇದೇ ದನಿ. ಗಿರಣಿಯ ನಾಲ್ಕೂ ಗೋಡೆ ಅದನ್ನು ಹಿಡಿದು ಮೊಳಗಿಸಿದವು. ಬಾಗಿಲು ಹಾರುಹೊಡೆದಿತ್ತು, ಬೀದಿಗೆಲ್ಲ ಕೇಳುತ್ತಿತ್ತು.

ಉಳಿಯ ಸದ್ದು ನಿಂತಿತ್ತು.

ಒಂದು ನಿಮಿಷವೂ ಆಗುವ ಮೊದಲೇ ಹಾಡು ಮುಗಿಯಿತು. "ಈ ಗಂಟಲಿನ ಮುಂದೆ ಯಾರು ನಿಲ್ತಾರೆ ಹೇಳಿ" ಎಂದ ಮೆಕ್ಯಾನಿಕ್. ಅವನ ಕಣ್ಣು ತೇವವಾಗಿತ್ತು. "ಎಲ್ಲಿ ಹೋದನೋ ಏನಾದನೋ. ಸತ್ತ ಅಂತಾರೆ."

"ಸತ್ತಿರಬೇಕು" ಎಂದಳು ಅಕ್ಕ.

"ಗಂಟಲು ದೊಡ್ಡದೇ" ಎಂದು ಕಂಡಕ್ಟರು ಒಪ್ಪಿದ. "ಆದ್ರೂ ಬ್ಯಾಂಡು ಅಂದ್ರೆ ಗುಬ್ಬಿದೇ. ಪಾಪ, ಲಾಕಪ್ಪಿನಲ್ಲೇ ಹೋದಳು."

ಮೆಕ್ಯಾನಿಕ್ ಹೊಸ ಬೇರಿಂಗನ್ನು ಕಾಗದದಿಂದ ಬಿಡಿಸುತ್ತ ಒಪ್ಪದೆ ತಲೆಯಾಡಿಸಿದ. "ಅಲ್ಲೇ ಕಣಣ್ಣ ‘ನಾಳೆ ರಜೆ’ ನನ್ನ ಲೆಕ್ಕದಲ್ಲಿ ಬಿದ್ದುಹೋಗೋದು. ಹೇಳಬಾರದು, ಆದ್ರೂ ಹೇಳ್ತೀನಿ. ಎಲ್ಲರ ಹೆಸರು ಬಾಯಿಬಿಟ್ಟದ್ದು ಅವಳೇ. ‘ಮುಳ್ಳುತಂತಿ’ಯವರನ್ನ ಒಬ್ಬೊಬ್ಬರನ್ನಾಗಿ ಹಿಡಿಸಿಕೊಟ್ಟಳು."

"ಯಾರ್ರೀ ಹೇಳಿದ್ದು?"

"ನಮ್ಮಣ್ಣ. ಆಗ ಅದೇ ಠಾಣೆಯಲ್ಲಿ ಕಾವಲಿಗಿದ್ದ. ಈಗ ರಿಟೈರಾಗಿ ನಮ್ಮ ಜೊತೇಲೇ ಇದ್ದಾನೆ. ಒಂದೇ ಏಟಿಗೆ ಎಲ್ಲಾ ಕಕ್ಕಿದಳು ಅಂತ ಇವತ್ತಿಗೂ ಹೇಳ್ತಾನೆ."

ಪೊಲೀಸಿನವನ ತಮ್ಮ. ಅಕ್ಕನ ಕಣ್ಣು ಬೀದಿಬಾಗಿಲಿಗೆ ಹೋಯಿತು. ಆದರೆ ಆ ಹೆದರಿಕೆಯ ಹಿಂದೆಯೇ ಅದಕ್ಕಿಂತ ದೊಡ್ಡದೊಂದು ಬಂತು. ಈ ಮಾತು ಒಳಗೆ ಕೂತವನಿಗೂ ಕೇಳಿಸಿದೆ. ಬ್ಯಾಂಡನ್ನು ಎರಡನೆಯದು ಎಂದರೆ ಅವನು ನಕ್ಕು ಸುಮ್ಮನಿದ್ದಾನು. ಗುಬ್ಬಿಯ ಮಾತು ಬೇರೆ. ಆ ಕೊನೆಯ ಕಛೇರಿಗೆ ಕೆಲವು ವಾರ ಮೊದಲು ಅವಳು ಈ ಗಿರಣಿಗೇ ಬಂದಿದ್ದಳು. ತಮ್ಮನ ಜೊತೆ ಬಂದು, ಈಗ ಕಂಡಕ್ಟರು ಕೂತ ಜಾಗದಲ್ಲೇ ಚೀಲಗಳ ಮೇಲೆ ಕೂತು, ಎರಡು ಬೆರಳಿಂದ ಹಿಟ್ಟಿನ ಡಬ್ಬ ಬಾರಿಸುತ್ತ ಅಕ್ಕನ ಅಡುಗೆ ಉಂಡು ಹೋಗಿದ್ದಳು.

ಅಕ್ಕ ಕೋಣೆಯ ಬಾಗಿಲಿಗೆ ಅಡ್ಡವಾಗಲು ಎರಡು ಹೆಜ್ಜೆ ಇಟ್ಟಳು. ತಡವಾಗಿತ್ತು. ತಮ್ಮ ಆಗಲೇ ಎದ್ದು ಬಂದು ಹೊಸ್ತಿಲಲ್ಲಿ ನಿಂತಿದ್ದ. ರೆಪ್ಪೆಯ ಮೇಲೆಲ್ಲ ಕಲ್ಲಿನ ಬಿಳಿ ಪುಡಿ.

"ಅವಳು ಹೇಳಲಿಲ್ಲ" ಎಂದ.

ದನಿ ಒಡೆದಿತ್ತು, ಅರ್ಧ ಗಾಳಿಯೇ. ಕಂಡಕ್ಟರು ಸುತ್ತ ನೋಡಿದ, ಮಾತಾಡಿದ್ದು ಯಾರು ಎಂಬಂತೆ.

"ನಾನು, ನಾನೇ ಅಂದದ್ದು" ಎಂದಳು ಅಕ್ಕ. ಯಾರೂ ಅವಳತ್ತ ತಿರುಗಲಿಲ್ಲ.

"ಅವಳೊಬ್ಬಳಿಗೇ ಈ ಗಿರಣಿ ಗೊತ್ತಿತ್ತು" ಎಂದ ತಮ್ಮ. ಒಂದೊಂದು ಮಾತಿಗೂ ಎಂಜಲು ನುಂಗುತ್ತಿದ್ದ. "ಈ ಊರು ಗೊತ್ತಿತ್ತು, ಬಸ್ಸು ಯಾವುದು ಅಂತ ಗೊತ್ತಿತ್ತು. ನಾನು ಇನ್ನೆಲ್ಲಿಗೂ ಹೋಗಲ್ಲ ಅಂತಾನೂ ಗೊತ್ತಿತ್ತು. ಒಂದೇ ಒಂದು ಹೆಸರು ಹೇಳಿದ್ದರೆ ಅದು ನನ್ನದಾಗಬೇಕಿತ್ತು. ನಾನೇ ತಾನೇ ಅವರಿಗೆ ಬೇಕಾಗಿದ್ದು. ಯಾರು ಬಂದರು ಇಲ್ಲಿಗೆ? ಇವತ್ತಿನವರೆಗೆ ಯಾರಾದರೂ ಬಂದರಾ? ನಿಮ್ಮಣ್ಣನ್ನ ಕೇಳು."

ಮೆಕ್ಯಾನಿಕ್ಕಿನ ಕೈಯಲ್ಲಿ ಬೇರಿಂಗು ಹಾಗೇ ಇತ್ತು. ಅವನು ತಮ್ಮನ ಮುಖವನ್ನು ನೋಡುತ್ತಿರಲಿಲ್ಲ. ಕುತ್ತಿಗೆಯನ್ನು ನೋಡುತ್ತಿದ್ದ. ಆಪರೇಷನ್ನಿನ ಗಾಯದ ಗುರುತಿಲ್ಲದ ಕುತ್ತಿಗೆ. ಆಮೇಲೆ ನೆಲದ ಮೇಲಿದ್ದ ಫೋನನ್ನು ನೋಡಿದ.

ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ಅಕ್ಕನ ತಲೆಯಲ್ಲಿ ಒಂದರ ಮೇಲೊಂದು ಲೆಕ್ಕ ಓಡುತ್ತಿತ್ತು. ಬಾಗಿಲು ಹಾಕಿಬಿಡಲೇ, ಕಾಲಿಗೆ ಬೀಳಲೇ, ಹುಚ್ಚನೆಂದು ಹೇಳಲೇ.

ಮೆಕ್ಯಾನಿಕ್ ಮೋಟಾರಿನ ಕಡೆ ತಿರುಗಿ ಕೂತ. ಬೇರಿಂಗು ಕೂರಿಸಿದ. ಮುಚ್ಚಳ ಹಾಕಿ ನಟ್ಟುಗಳನ್ನು ಒಂದೊಂದಾಗಿ, ಎದುರುಬದುರಾಗಿ, ಮೊದಲು ಸಡಿಲ ಆಮೇಲೆ ಬಿಗಿ, ಕೆಲಸ ಬಲ್ಲವರು ಬಿಗಿಯುವ ಹಾಗೇ ಬಿಗಿದ. ಸಲಕರಣೆ ತುಂಬಿಕೊಂಡ. "ಸಂಜೆತನಕ ಹಗುರಾಗಿ ಓಡಿಸಿ" ಎಂದು ಅಕ್ಕನಿಗೆ ಹೇಳಿ, ತಮ್ಮನತ್ತ ಅರ್ಧ ತಿರುಗಿ, ಕೈ ಮುಗಿಯಲು ಎತ್ತಿ, ಮುಗಿಯದೆ ಇಳಿಸಿ ಹೊರಗೆ ಹೋದ.

ಅಕ್ಕ ಚಪ್ಪಲಿಯಿಲ್ಲದ ಕಾಲಲ್ಲೇ ಅವನ ಹಿಂದೆ ಓಡಿದಳು. ಅವನು ಪೆಟ್ಟಿಗೆಯನ್ನು ಬೈಕಿಗೆ ಕಟ್ಟುತ್ತಿದ್ದ.

"ಅಪ್ಪಾ, ನಿಮ್ಮಣ್ಣನಿಗೆ ಹೇಳ್ತೀಯಾ?"

"ಇಲ್ಲ ಅಕ್ಕ. ದೇವರಾಣೆ ಇಲ್ಲ" ಎಂದ. ನಿಜವಾಗಿಯೇ ಹೇಳಿದ, ಅದು ಅವಳಿಗೂ ಕಂಡಿತು. ಆದರೆ ಹಗ್ಗದ ಗಂಟು ಹಾಕುತ್ತಿದ್ದ ಅವನ ಕೈ ನಡುವೆ ನಿಂತುಬಿಟ್ಟಿತು. "ಆದ್ರೆ ಅಣ್ಣ ಕುಡಿದಾಗಲೆಲ್ಲ ಅದೇ ಕತೆ ತೆಗೀತಾನೆ. ಊಟಕ್ಕೆ ಕೂತಾಗ, ನೆಂಟರು ಬಂದಾಗ. ಒಂದೇ ಏಟಿಗೆ ಕಕ್ಕಿದಳು ಅಂತ ನಗ್ತಾನೆ. ಇಷ್ಟು ದಿನ ನಾನೂ ನಗ್ತಿದ್ದೆ. ಇನ್ಮೇಲೆ ಹೇಗಕ್ಕ ಕೇಳಿಸ್ಕೊಂಡು ಸುಮ್ಮನೆ ಕೂರಲಿ?"

ಹೇಗೆ ಸುಮ್ಮನಿರಬೇಕು ಎಂಬುದನ್ನು ಕಲಿಸುವುದು ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಕಲಿಸಿದ್ದಳು. ಆ ಪಾಠ ಒಂದು ಸುಳ್ಳಿನೆದುರು ಎಷ್ಟು ಹೊತ್ತು ನಿಂತಿತೆಂಬುದನ್ನು ಈಗತಾನೇ ಕಂಡಿದ್ದಳು.

"ಕೂತ್ಕೋಬೇಕಪ್ಪಾ" ಎಂದಳು. "ಕೂತ್ಕೊಳ್ಳಲೇಬೇಕು."

ಅವನು ತಲೆಯಾಡಿಸಿದ. ಬೈಕು ಹೊರಟಿತು.

ಒಳಗೆ ಬಂದು ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು. ಹಗಲು ಹೊತ್ತಿನಲ್ಲಿ ಆ ಗಿರಣಿಯ ಬಾಗಿಲು ಹಾಕಿದ್ದು ಅದೇ ಮೊದಲು. ಕಂಡಕ್ಟರು ಚೀಲಗಳ ಮೇಲೆ ಬೆವೆತು ಕೂತಿದ್ದ. ಅವನ ಬಸ್ಸಿನ ಹೊತ್ತು ಮೀರುತ್ತಿತ್ತು. ಆದರೂ ಅವನು ಏಳಲಿಲ್ಲ. ತಮ್ಮ ಅವನೆದುರು ನೆಲದ ಮೇಲೆ ಕೂತು, ನೀರು ಕುಡಿಯುತ್ತ, ಉಸಿರು ಹಿಡಿಯುತ್ತ ಹೇಳುತ್ತಿದ್ದ:

"ನೀವು ಹೇಳೋದೇ ಸರಿ. ‘ನಾಳೆ ರಜೆ’ನೇ ದೊಡ್ಡದು. ನಾವು ಮೊದಲನೇ ಸಲ ಅವರನ್ನ ಕೇಳಿದ ದಿನ, ನಮ್ಮ ಗಿಟಾರಿನವನು ಗಿಟಾರು ಮಾರ್ತೀನಿ ಅಂತ ಹೊರಟುಬಿಟ್ಟಿದ್ದ..."

"ಮೆಲ್ಲಗೆ" ಎಂದಳು ಅಕ್ಕ. ಅವನು ದನಿ ತಗ್ಗಿಸಿದ. ಎರಡು ಮಾತು ಕಳೆಯುವಷ್ಟರಲ್ಲಿ ಅದು ಮತ್ತೆ ಏರಿತು. ಅವಳು ಇನ್ನೊಮ್ಮೆ ಹೇಳಲಿಲ್ಲ. ಬಾಗಿಲ ಹಲಗೆಗೆ ಕಿವಿಯಿಟ್ಟು ನಿಂತಳು. ಬೈಕಿನ ಸದ್ದು ಕೆರೆಯ ತಿರುವಿನತನಕ ಸರಿಯಾಗಿಯೇ ಕೇಳಿತು. ಅಲ್ಲಿ ನಿಂತುಹೋಯಿತು. ತಿರುವು ದಾಟಿದರೆ ಯಾವ ಗಾಡಿಯ ಸದ್ದೂ ಊರಿಗೆ ಕೇಳಿಸುವುದಿಲ್ಲ, ಅದು ಅವಳಿಗೆ ಗೊತ್ತಿದ್ದದ್ದೇ. ಆದರೂ, ದಾಟಿದನೋ, ಬೈಕು ನಿಲ್ಲಿಸಿ ಯೋಚಿಸುತ್ತಿದ್ದಾನೋ ಎಂದು, ಅವಳು ಹಾಗೇ ಕಿವಿಯಿಟ್ಟು ನಿಂತೇ ಇದ್ದಳು.