ಹದಿನೇಳು ಸಲ ಬಂದ ಆನೆ

ಮಾನಸಳ ಬಳಿ ಎರಡನೇ ಸರ್ವರ್ ಇರಲಿಲ್ಲ. ಇದ್ದದ್ದು ಒಂದೇ, ಅದೂ ಬಾಡಿಗೆಯದು. ಅಂತರಸಂತೆ ಬಳಿಯ ಕಾಡಂಚಿನಲ್ಲಿ ಆನೆ ಕಂಡವರು ಮೊಬೈಲಿನಲ್ಲಿ ಗುಂಡಿ ಒತ್ತಿದರೆ, ಅದರ ಮೂಲಕ ಊರಿನ ಅರವತ್ತೊಂದು ಫೋನುಗಳಿಗೆ "ಆನೆ ಬಂದಿದೆ" ಎಂದು ಕರೆ ಹೋಗುತ್ತಿತ್ತು. ಜನ ತಮಟೆ, ಪಂಜು ಹಿಡಿದು ಸೇರುತ್ತಿದ್ದರು. ಪ್ರೋಗ್ರಾಮನ್ನು ಅವಳೇ ಬರೆದು, ಯಾರು ಬೇಕಾದರೂ ತಿದ್ದಲಿ ಎಂದು ನೆಟ್ಟಿನಲ್ಲಿ ತೆರೆದಿಟ್ಟಿದ್ದಳು. ಎರಡು ವರ್ಷದಲ್ಲಿ ಒಬ್ಬರೂ ಮುಟ್ಟಿರಲಿಲ್ಲ.

ಹಾಗಾಗಿ ಹುಣಸೂರಿನ ಕಾಲೇಜೊಂದು ಹುಡುಗರು ಒಟ್ಟಿಗೆ ಕೂತು ಇಂಥ ಪ್ರೋಗ್ರಾಮು ತಿದ್ದುವ ಓಪನ್ ಸೋರ್ಸ್ ಹ್ಯಾಕಥಾನಿಗೆ ಕರೆದಾಗ ಹಿಗ್ಗಿ ಹೋದಳು. ನಡೆಸುತ್ತಿದ್ದ ಮೇಷ್ಟ್ರು ರುದ್ರಸ್ವಾಮಿ. ಒಂದು ತಿದ್ದುಪಡಿ ಮಾಡಿದವರಿಗೆಲ್ಲ ಸರ್ಟಿಫಿಕೇಟು ಎಂದು ಸಾರಿದ್ದರು.

"ಸರ್ವರ್ ಪಾಸ್‌ವರ್ಡ್ ಕೊಡಮ್ಮ. ಹುಡುಗ್ರು ಮಾಡಿದ್ದು ಓಡ್ತದೋ ಇಲ್ವೋ ನೋಡ್ಬೇಕಲ್ಲ."

"ಸಾರ್, ಅದು ಊರಿಗೆ ಹೋಗೋ ಲೈನು. ಟೆಸ್ಟ್ ಮಾಡೋಕೆ ಬೇರೆ ಇಲ್ಲ."

"ಓಪನ್ ಅಂತೀಯ, ಬೀಗಾನೂ ಹಾಕ್ತೀಯ. ಮನೇಲೇ ಇಟ್ಕೊಬೋದಿತ್ತಲ್ಲ?"

ಹುಡುಗರು ನಕ್ಕರು. ಮಾನಸ ಕೊಟ್ಟಳು.

ಒಬ್ಬ ಗುಂಡಿಯ ಬಣ್ಣ ಬದಲಿಸಿದ. ಇನ್ನೊಬ್ಬ ತನ್ನ ಹೆಸರು ಸೇರಿಸಿದ. ಎಲ್ಲರೂ ಒತ್ತಿ ನೋಡಿದರು. ಊಟದ ಹೊತ್ತಿಗೆ ಮಹದೇವಮ್ಮನ ಫೋನ್ ಬಂತು. ಕಾಡಿಗೆ ತಾಗಿದ ಹೊಲದಲ್ಲಿ ರಾಗಿ ಹಾಕಿದ್ದವಳು.

"ಎಲ್ಲವ್ವಾ ನಿನ್ನಾನೆ? ಹದ್ನೇಳ್ ಸಲ ಬಡ್ಕಂತು ಫೋನು. ನಮ್ ಯಜಮಾನ ಮರ ಅತ್ತಿ ಕುಂತವ್ನೆ, ಇಳಿ ಅಂದ್ರೆ ಇಳೀತಿಲ್ಲ."

"ತಪ್ಪಾಯ್ತು ದೊಡ್ಡವ್ವ. ಇಲ್ಲಿ ಹುಡುಗ್ರು ಟೆಸ್ಟ್ ಮಾಡ್ತಾವ್ರೆ."

"ಮಾಡ್ಲಿ ಬುಡು. ಕೊಯ್ಯೋ ಆಳೆಲ್ಲ ಕುಡ್ಲು ಬಿಸಾಕಿ ಓಡೋದ್ರು. ಬಯ್ತಾವ್ರೆ ನಿನ್ನ."

ಮಾನಸ ಪಾಸ್‌ವರ್ಡ್ ಬದಲಿಸಿ, ಸಿಕ್ಕ ಬಸ್ಸು ಹತ್ತಿ ಊರಿಗೆ ಬಂದಳು. ಇನ್ನು ಹೀಗಾಗುವುದಿಲ್ಲ ಎಂದು ಮನೆಮನೆಗೂ ಹೇಳಿದಳು. ಎಲ್ಲರೂ ತಲೆಯಾಡಿಸಿದರು.

ಬುಧವಾರ ನಸುಕಿನಲ್ಲಿ ಕಾವಲಿದ್ದ ಬೆಳ್ಳ ಆನೆ ಕಂಡು ಗುಂಡಿ ಒತ್ತಿದ. ಅರವತ್ತೊಂದು ಫೋನುಗಳೂ ಬಡಿದುಕೊಂಡವು. ಒಂದು ಮನೆಯ ದೀಪವೂ ಹತ್ತಲಿಲ್ಲ.

ಬಿಸಿಲೇರಿದಾಗ ಮಾನಸ ಹೊಲಕ್ಕೆ ಹೋದಳು. ಮಹದೇವಮ್ಮ ಆನೆ ತುಳಿದು ಮಣ್ಣಿಗಂಟಿದ ತೆನೆಗಳನ್ನು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಬಯ್ಯಲಿಲ್ಲ.

"ಕಾಲೇಜ್ ಹುಡುಗ್ರು ಅಂದ್ಕಂಡೆ ಕಣವ್ವ."

ಇನ್ನೊಂದು ತೆನೆ ಆಯ್ದುಕೊಂಡು ಹೇಳಿದಳು: "ನನ್ ನಂಬರ್ ತೆಗ್ದಾಕ್ಬುಡು."

ಹಿಂದೆಯೇ ಬೇರೆಯವರೂ ಬಂದರು. ಸಂಜೆಯವರೆಗೆ ಬರುತ್ತಲೇ ಇದ್ದರು. ಮಾನಸ ಬದುವಿನ ಮೇಲೆ ಕುಳಿತು ಒಬ್ಬೊಬ್ಬರ ಹೆಸರು ಕೇಳಿ ಅಳಿಸಿದಳು.

ಹೋದದ್ದು ಮುಕ್ಕಾಲು ಎಕರೆ ರಾಗಿ. ಐವತ್ತೆರಡು ನಂಬರು.