ರೂರೂ ಬೆಟ್ಟಕ್ಕೆ ಹೋಗದ ಮೂರು ಸೈಕಲ್ಲುಗಳು

ಅಕ್ಟೋಬರ್ ಬಂತೆಂದರೆ ರೊಟೊರುವಾ ಊರಿನ ಸೈಕಲ್ ಸವಾರರ ಮನೆಗಳಲ್ಲಿ ಒಂದೇ ಜಗಳ. ಈ ಸಲದ ರಜೆಗೆ ಯಾವ ಬೆಟ್ಟ? ಒಬ್ಬರು ದಕ್ಷಿಣ ಅಂದರೆ ಇನ್ನೊಬ್ಬರು ಉತ್ತರ ಅನ್ನುತ್ತಾರೆ. ಮೂರು ದಿನದ ರಜೆ, ಎರಡು ವಾರದ ಮುನಿಸು.

ಹುಯಿಯಾಳ ಮನೆಯಲ್ಲಿ ಮಾತ್ರ ಈ ರಗಳೆ ಇರಲಿಲ್ಲ. ಯಾಕೆಂದರೆ ಅಲ್ಲಿ ಒಂದು ಹಲ್ಲುಚಕ್ರ ಇತ್ತು. ಹದಿನಾಲ್ಕು ವರ್ಷದ ಹಿಂದೆ ಯಾರದೋ ಸೈಕಲ್ಲಿನಿಂದ ಕಳಚಿದ ಚಕ್ರ, ಮೂರು ಹಲ್ಲು ಮುರಿದದ್ದು. ಹುಯಿಯಾ, ಅವಳ ಗಂಡ ಹೋಹೆಪಾ, ಅವರ ಗೆಳೆಯ ಗ್ರೇಮ್, ಈ ಮೂವರಲ್ಲಿ ಅದು ವರ್ಷಕ್ಕೊಬ್ಬರಂತೆ ಕೈ ಬದಲಾಯಿಸುತ್ತಿತ್ತು. ಯಾರ ಸೈಕಲ್ಲಿನ ಮೇಲೆ ಅದು ತೂಗುತ್ತದೋ ಆ ವರ್ಷ ಜಾಗ ಆರಿಸುವವರು ಅವರೇ. ಆರಿಸಿದ ಮೇಲೆ ಉಳಿದವರು ತುಟಿಪಿಟಕ್ಕೆನ್ನುವಂತಿಲ್ಲ.

ಈ ವರ್ಷ ಹೋಹೆಪಾನ ಸರದಿ. ಅಡುಗೆಮನೆಯ ಮೇಜಿನ ಮೇಲೆ ಫೋನ್ ನಿಲ್ಲಿಸಿ ಅವನು ವಿಡಿಯೊ ಹಾಕಿದ.

"ನೋಡಿ ಇಲ್ಲಿ. ರೂರೂ ಬೆಟ್ಟ. ಮೂವತ್ತೊಂದು ಕಿಲೋಮೀಟರ್. ಕಷ್ಟದ ಲೆಕ್ಕದಲ್ಲಿ ಐದನೇ ದರ್ಜೆ ದಾರಿ. ನಮ್ಮ ಕಾಡಲ್ಲಿ ಐದನೇ ದರ್ಜೆನ ನಾವು ಸೀಟಿ ಹೊಡ್ಕೊಂಡು ಇಳೀತೀವಿ!"

"ಪಶ್ಚಿಮ ಕರಾವಳಿ ಅಲ್ವಾ ಅದು? ಅಲ್ಲಿ ಮಳೆ ಜಾಸ್ತಿ ಕಣೋ," ಎಂದ ಗ್ರೇಮ್.

"ಮಳೆ ಬಂದ್ರೆ ಇನ್ನೂ ಒಳ್ಳೇದೇ ಆಯ್ತಲ್ಲ ಮಾರಾಯ!"

ಈ ಮಾತು ರೊಟೊರುವಾದವರ ಬಾಯಲ್ಲಿ ಮಾತ್ರ ಬರುವಂಥದ್ದು. ಇಲ್ಲಿನ ನೆಲ ಬೆಂಕಿಬೆಟ್ಟದ ಬೂದಿ ಮತ್ತು ನೊರೆಗಲ್ಲಿನ ಪುಡಿ. ಎಷ್ಟು ಸುರಿದರೂ ಕುಡಿದುಬಿಡುತ್ತದೆ. ಮಳೆ ನಿಂತ ಮರುಗಳಿಗೆಯೇ ಚಕ್ರಕ್ಕೆ ಹಿಡಿತ ಸಿಗುತ್ತದೆ. ಬೇರೆ ಊರಿನವರು ಮಳೆ ಬಂದರೆ ಸೈಕಲ್ ಒಳಗಿಡುತ್ತಾರೆ, ಇಲ್ಲಿಯವರು ಹೊರಗೆ ತೆಗೆಯುತ್ತಾರೆ.

ಹುಯಿಯಾಳೂ ನಕ್ಕಳು. ಆದರೆ ಮೇಜಿನ ಕೆಳಗೆ ಅವಳ ಎಡಗೈ ಬಲಮಣಿಕಟ್ಟನ್ನು ಒತ್ತಿ ಹಿಡಿದಿತ್ತು.

ಹೋದ ಬೇಸಿಗೆಯಲ್ಲಿ ಬಿದ್ದು ಆ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಡಾಕ್ಟರು ಸೈ ಅಂದರು, ಗಂಡ ಕೇಕ್ ತಂದ. ಆದರೆ ಉದ್ದದ ಇಳಿಜಾರಿನಲ್ಲಿ ಕಾಲು ಗಂಟೆ ಕಳೆದರೆ ಬಲಗೈ ಬೆರಳುಗಳು ಮರಗಟ್ಟುತ್ತಿದ್ದವು. ಮುಂದಿನ ಚಕ್ರದ ಬ್ರೇಕ್ ಇರುವುದೇ ಬಲಗೈಗೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳುವುದು? ಇಪ್ಪತ್ತೆರಡು ವರ್ಷದಿಂದ ಸೈಕಲ್ ತುಳಿದವಳು. ಊರಿನ ಅರ್ಧ ಹೆಂಗಸರಿಗೆ ಇಳಿಜಾರು ಕಲಿಸಿದವಳು. ಬಾಯಿಬಿಟ್ಟರೆ ಗಂಡ ತನ್ನನ್ನು ಮಕ್ಕಳ ಜೊತೆ ಕೆರೆಯ ಸುತ್ತ ಸುತ್ತಲು ಕಳಿಸುತ್ತಾನೆ ಎಂಬ ಭಯ. ಬೆಟ್ಟದ ಭಯಕ್ಕಿಂತ ಈ ಭಯವೇ ದೊಡ್ಡದಾಗಿತ್ತು.

ಮುಂದಿನ ಭಾನುವಾರ ಕಾಡಿನಲ್ಲಿ ದಾರಿ ರಿಪೇರಿಯ ದಿನ. ತಿಂಗಳಿಗೊಮ್ಮೆ ಸವಾರರೆಲ್ಲ ಸೈಕಲ್ ಬಿಟ್ಟು ಸಲಿಕೆ ಹಿಡಿಯುತ್ತಾರೆ. ಯಜಮಾನಿಕೆ ರೀಪೆಕಾ ಆಂಟಿಯದು. ಅರವತ್ತೆಂಟು ವರ್ಷ, ಗಿಡ್ಡ ಆಳು, ದೊಡ್ಡ ಗಂಟಲು. ಮೂವತ್ತು ವರ್ಷದಿಂದ ಸೈಕಲ್ ದಾರಿ ಕಡಿಯುವುದೇ ಅವರ ಕೆಲಸ. ಅದರಲ್ಲಿ ಹನ್ನೊಂದು ವರ್ಷ ಪಶ್ಚಿಮ ಕರಾವಳಿಯಲ್ಲೇ ಕಳೆದವರು.

ಹನ್ನೊಂದು ಗಂಟೆಗೆ ಚಹಾ. ಆಂಟಿ ಪ್ರಾರ್ಥನೆ ಹೇಳಿದರು, ಎಲ್ಲರೂ ತಲೆ ತಗ್ಗಿಸಿದರು. ಆಮೆನ್ ಅನ್ನುವುದೇ ತಡ, ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜಿಗೆ ಕೈಗಳು ಮುಗಿಬಿದ್ದವು.

"ಈ ಸಲ ಎಲ್ಲಿಗೋ ಸವಾರಿ?" ಎಂದು ಆಂಟಿ ಹೋಹೆಪಾನನ್ನು ಕೇಳಿದರು.

"ರೂರೂ ಬೆಟ್ಟಕ್ಕೆ ಆಂಟಿ!"

"ಯಾರನ್ನ ಕೇಳಿ ಆರಿಸ್ದೆ?"

"ಕೇಳೋದೇನು? ವಿಡಿಯೊ ನೋಡ್ದೆ. ದರ್ಜೆ ನೋಡ್ದೆ."

"ವಿಡಿಯೊ ಯಾವ ತಿಂಗಳಲ್ಲಿ ತೆಗ್ದಿದ್ದು?"

ಹೋಹೆಪಾನಿಗೆ ಗೊತ್ತಿರಲಿಲ್ಲ. ಗ್ರೇಮ್ ಫೋನ್ ತೆಗೆದು ನೋಡಿದ. "ಫೆಬ್ರವರಿ," ಎಂದ. ಭೂಮಿಯ ದಕ್ಷಿಣದ ಈ ನಾಡಿನಲ್ಲಿ ಫೆಬ್ರವರಿ ಅಂದರೆ ಒಣ ಬಿಸಿಲು.

"ನಡುಬೇಸಿಗೆ. ಸರಿ ಹೋಯ್ತು," ಎಂದರು ಆಂಟಿ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹೋಹೆಪಾನ ಅಂಗೈಗೆ ಹಾಕಿದರು. "ಬೆಳಗಿನ ಜಾವದವರೆಗೂ ಮಳೆ ಸುರಿದಿದೆ. ಹಿಂಡು ಇದನ್ನ."

ಅವನು ಹಿಂಡಿದ. ಮಣ್ಣು ಪುಡಿಪುಡಿಯಾಗಿ ಉದುರಿತು.

"ಈ ಮಣ್ಣೇ ಕಣೋ ನಿನ್ನ ಕೆಡಿಸಿದ್ದು. ಮುದ್ದು ಮಾಡಿ ಸಾಕಿದೆ ನಿನ್ನ. ರೂರೂ ಬೆಟ್ಟದ್ದು ಜೇಡಿ. ಮಳೆ ಬಿದ್ರೆ ನಾಲ್ಕು ದಿನ ಸಾಬೂನು ಸವರಿದ ಹಾಗಿರುತ್ತೆ. ಅದರ ಮೇಲೆ ಬೀಚ್ ಅನ್ನೋ ಮರದ ಬೇರು. ಇಲ್ಲಿ ಐದನೇ ದರ್ಜೆ ಅಂದ್ರೆ ಯಂತ್ರದಲ್ಲಿ ಕೆತ್ತಿದ ತಿರುವು, ಅಲ್ಲಿ ಐದನೇ ದರ್ಜೆ ಅಂದ್ರೆ ಹಳೇ ಗಣಿಯವರು ಕತ್ತೆ ಹೊಡ್ಕೊಂಡು ಹೋದ ದಾರಿ. ಸಂಖ್ಯೆ ಒಂದೇ. ಬೆಟ್ಟ ಒಂದೇನಾ?"

ಹೋಹೆಪಾನ ಮೂಗು ಕೆಂಪಾಯಿತು. "ಆಂಟಿ, ಈ ಬುದ್ಧಿವಾದ ಎಲ್ಲ ಹೊಸಬರಿಗೆ. ನಾವೇನು ನಿನ್ನೆ ಮೊನ್ನೆ ಸೈಕಲ್ ಕಲಿತವ್ರಾ?"

"ಹೊಸಬರು ಹೆದರ್ಕೊಂಡು ಹತ್ತು ಜನಾನ ಕೇಳ್ತಾರೆ. ಕೇಳದೆ ಹೋಗೋವ್ರು ನಿಮ್ಮಂಥ ಹಳಬರೇ," ಎಂದರು ಆಂಟಿ. ಆಮೇಲೆ ಚಹಾ ಲೋಟದ ಮೇಲಿಂದ ಹುಯಿಯಾಳ ಕಡೆ ನೋಡಿದರು. "ಹುಯಿಯಾ, ಬೆಳಗಿಂದ ನೋಡ್ತಾ ಇದೀನಿ. ಬಲಗೈಯವಳು ನೀನು. ಸಲಿಕೆ ಯಾಕಮ್ಮಾ ಎಡಗೈಗೆ ಹೋಗಿದೆ?"

ಹುಯಿಯಾ ಬಾಯಲ್ಲಿದ್ದ ಸಾಸೇಜು ನುಂಗಿದಳು. ಏನೂ ಇಲ್ಲ ಆಂಟಿ ಅನ್ನಬೇಕು ಅಂತಲೇ ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಬೆರಳು ಮರಗಟ್ಟುತ್ತೆ ಆಂಟಿ. ಇಳಿಯುವಾಗ. ಕಾಲು ಗಂಟೆ ಆದ್ಮೇಲೆ ಬ್ರೇಕ್ ಹಿಡಿದಿದೀನೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಹೋಹೆಪಾ ಲೋಟ ಕೆಳಗಿಟ್ಟ. "ಯಾವಾಗಿಂದ?"

"ಕಟ್ಟು ಬಿಚ್ಚಿದಾಗಿಂದ."

"ಎಂಟು ತಿಂಗಳು! ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಕೆರೆ ಸುತ್ತೋಕೆ ಕಳಿಸ್ತಿದ್ದೆ. ಅದೂ ಅಲ್ದೆ ಚಕ್ರ ನಿನ್ನ ಹತ್ರ ಇದೆ. ಆರಿಸಿದವರ ಮಾತೇ ಮಾತು ಅಂತ ನಾವೇ ಕಟ್ಟಳೆ ಮಾಡ್ಕೊಂಡಿಲ್ವಾ?"

ಗ್ರೇಮ್ ಮೆಲ್ಲಗೆ, "ಆ ಕಟ್ಟಳೆ ಮಾಡ್ದಾಗ ನಮ್ಗೆಲ್ಲ ಮೂವತ್ತೈದು ವರ್ಷ ಕಣೆ," ಎಂದ.

ಹೇಳಿಬಿಟ್ಟ ಮೇಲೆ ಹುಯಿಯಾಳ ಎದೆ ಹಗುರಾಯಿತು. ಎಂಟು ತಿಂಗಳು ಹೊತ್ತ ಮೂಟೆ ಇಳಿಸಿದ ಹಾಗೆ. ಗಂಡ ಬೈದರೆ ಬೈಯಲಿ ಅನ್ನಿಸಿತು.

ಹೋಹೆಪಾ ಬೈಯಲಿಲ್ಲ, ಆದರೆ ಪಟ್ಟನ್ನೂ ಬಿಡಲಿಲ್ಲ. "ನಿಧಾನ ಇಳಿದ್ರಾಯ್ತು. ನಡುವೆ ನಿಂತು ನಿಂತು ಹೋದ್ರಾಯ್ತು. ಆಪತ್ತಿಗೆ ಸಿಗ್ನಲ್ ಕಳಿಸೋ ಪೆಟ್ಟಿಗೆ ಇದೆ ನಮ್ಹತ್ರ," ಎಂದು ಗೊಣಗಿದ.

"ನನ್ನ ಮಾತು ಬೇಡ. ಅಲ್ಲೇ ಇರೋಳನ್ನ ಕೇಳು," ಎಂದು ಆಂಟಿ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಮರದ ಬೊಡ್ಡೆಯ ಮೇಲಿಟ್ಟರು. ರೂರೂ ಬೆಟ್ಟದ ಮೇಲೆ ಸವಾರರು ತಂಗುವ ಗುಡಿಸಲು ಒಂದಿದೆ. ಅದನ್ನು ನೋಡಿಕೊಳ್ಳುವ ಪಿಪ್ಪಾ ಮಾತಿಗೆ ಸಿಕ್ಕಳು. ಆಂಟಿ ವಿಷಯ ಹೇಳಿದರು.

"ನೋಡಿ ಸ್ವಾಮಿ," ಎಂದಳು ಪಿಪ್ಪಾ, "ಎಂಟು ದಿನದಿಂದ ಮಳೆ. ಈ ವಾರ ನಮ್ಮೂರಿನವರೇ ಸೈಕಲ್ ತಳ್ಕೊಂಡು ಇಳಿದಿದಾರೆ. ಹದಿಮೂರು ಕಿಲೋಮೀಟರ್ ಹತ್ತಬೇಕು, ಹದಿನೆಂಟು ಇಳೀಬೇಕು. ನಡುವೆ ಹೊರಗೆ ಹೋಗೋ ದಾರಿ ಒಂದೂ ಇಲ್ಲ."

"ಸಿಗ್ನಲ್ ಪೆಟ್ಟಿಗೆ ಇದೆ ನಮ್ಹತ್ರ," ಎಂದ ಹೋಹೆಪಾ.

"ಇರ್ಲಿ, ಇಲ್ದೆ ಬರಲೇಬೇಡಿ. ಒತ್ತಿದ್ರೆ ನೀವು ಎಲ್ಲಿದೀರ ಅಂತ ಗೊತ್ತಾಗುತ್ತೆ. ಆದ್ರೆ ಮೋಡ ಕೂತಿದ್ರೆ ಹೆಲಿಕಾಪ್ಟರ್ ಬರಲ್ಲ. ನಾವು ನಡ್ಕೊಂಡೇ ಬರಬೇಕು. ಏಳು ಗಂಟೆ ಬೇಕು. ನಿಮ್ಮಲ್ಲಿ ಎಲ್ರೂ ಮೈಯಲ್ಲಿ ಗಟ್ಟಿ ಇದೀರ ತಾನೆ?"

ಹೋಹೆಪಾ ಹೆಂಡತಿಯ ಬಲಗೈ ನೋಡಿದ. ಏಳು ಗಂಟೆ. ಜೇಡಿಯ ಮೇಲೆ, ಮಳೆಯಲ್ಲಿ, ಬಿದ್ದವರು ಕಾಯುತ್ತ ಮಲಗಿರಬೇಕು. ಅವನಿಗೆ ಅದು ಕಣ್ಣಿಗೆ ಕಟ್ಟಿತು.

"ಇಲ್ಲ," ಎಂದ. "ಗುಡಿಸಲಲ್ಲಿ ನಾವು ಕಾದಿರಿಸಿದ ಜಾಗ ಬೇರೆಯವರಿಗೆ ಕೊಡಿ."

"ಮಾರ್ಚ್‌ನಲ್ಲಿ ಬನ್ನಿ," ಎಂದಳು ಪಿಪ್ಪಾ. "ಬೆಟ್ಟ ಎಲ್ಲಿಗೂ ಓಡಿಹೋಗಲ್ಲ."

ಕೊನೆಗೆ ಮೂವರೂ ಟೂಈ ಕಣಿವೆಗೆ ಹೋದರು. ಅದೇನು ಮಕ್ಕಳಾಟದ ಜಾಗವಲ್ಲ. ಇಳಿಜಾರು ಅಷ್ಟೇ ಕಡಿದು, ತಿರುವುಗಳು ಅಷ್ಟೇ ಚುರುಕು. ಆದರೆ ಪ್ರತಿ ದಾರಿಯೂ ಎರಡು ಮೂರು ಕಡೆ ಜಲ್ಲಿ ರಸ್ತೆಯನ್ನು ದಾಟುತ್ತದೆ. ಸಾಕು ಅನ್ನಿಸಿದವರು ಅಲ್ಲಿ ಹೊರಬೀಳಬಹುದು. ಹೊರಡುವ ಮುಂಚೆ ಹೋಹೆಪಾ ಅಲ್ಲಿನ ಸೈಕಲ್ ಅಂಗಡಿಗೆ ತಾನೇ ಫೋನ್ ಮಾಡಿ, ಮಣ್ಣು ಎಂಥದ್ದು, ಮಳೆ ಯಾವಾಗ ಬಂತು, ಹೋದ ವಾರ ಇಳಿದವರು ಏನಂದರು ಅಂತ ಕೊರೆದ. ಎಷ್ಟು ಗಂಟೆಗೆ ವಾಪಸು ಅಂತ ರೀಪೆಕಾ ಆಂಟಿಗೂ ಹೇಳಿದ. ಗ್ರೇಮ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.

ಎರಡನೇ ದಿನ, ಮೂರನೇ ಇಳಿಜಾರಿನಲ್ಲಿ ಹುಯಿಯಾಳ ಬೆರಳುಗಳು ಮರಗಟ್ಟಿದವು.

ಅವಳು ಎಡಗೈಯಲ್ಲಿ ಹಿಂದಿನ ಬ್ರೇಕ್ ಹಿಡಿದು ನಿಲ್ಲಿಸಿದಳು. "ಸಾಕು!" ಎಂದು ಕೂಗಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಈ ಮಾತನ್ನು ನಡುದಾರಿಯಲ್ಲಿ ಕೂಗಿದ್ದು ಅದೇ ಮೊದಲು. ಸೈಕಲ್ ತಳ್ಳಿಕೊಂಡು ಹತ್ತು ನಿಮಿಷ ನಡೆದಳು, ರಸ್ತೆ ಸಿಕ್ಕಿತು. ಬಿಸಿಲಿತ್ತು. ರಸ್ತೆ ಬದಿಯಲ್ಲೇ ನಿಲ್ಲಿಸಿದ್ದ ತಮ್ಮ ವ್ಯಾನಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು ಡಬ್ಬಿಯಲ್ಲಿ ಬಿಸಿಯಾಗಿಟ್ಟಿದ್ದ, ಕೈಮಾ ತುಂಬಿ ಬೇಯಿಸಿದ ಪೈ ತಿಂದಳು. ಬೆರಳುಗಳಿಗೆ ಒಂದೊಂದಾಗಿ ಜೀವ ಬಂತು.

ಅಷ್ಟರಲ್ಲಿ ಆಂಟಿಯ ಸಂದೇಶ ಬಂತು. ರೂರೂ ಬೆಟ್ಟದಲ್ಲಿ ನಿನ್ನೆಯಿಂದ ಜಡಿಮಳೆ, ಮೋಡ ಗುಡಿಸಲಿನ ಮೇಲೇ ಕೂತಿದೆ, ದಾರಿ ಮುಚ್ಚಿದ್ದಾರೆ ಅಂತ. ಹುಯಿಯಾ ಅದನ್ನು ಎರಡು ಸಲ ಓದಿದಳು. ಇದೇ ಹೊತ್ತಿಗೆ ತಾನು ಅಲ್ಲಿರಬೇಕಿತ್ತು, ಜೀವವಿಲ್ಲದ ಬೆರಳು ಬ್ರೇಕಿನ ಮೇಲಿಟ್ಟುಕೊಂಡು. ಅವಳಿಗೆ ಅಳು ಬಂತು, ಜೊತೆಗೆ ನಗುವೂ ಬಂತು. ಬದುಕಿದೆಯಾ ಬಡಜೀವವೇ ಅಂತ ತನಗೆ ತಾನೇ ಹೇಳಿಕೊಂಡು ಇನ್ನೊಂದು ಪೈ ತೆಗೆದಳು. ಅದು ಗ್ರೇಮ್‌ದಾಗಿತ್ತು.

ಊರಿಗೆ ಬಂದ ಸಂಜೆ ಹಲ್ಲುಚಕ್ರ ಕೈ ಬದಲಾಯಿಸಬೇಕಿತ್ತು. ಮುಂದಿನ ಸರದಿ ಹುಯಿಯಾಳದು. ಅವಳು ಕೈ ಚಾಚಲಿಲ್ಲ.

"ಹಳೇ ಕಟ್ಟಳೆ ಇದ್ರೆ ನಂಗೆ ಇದು ಬೇಡ," ಎಂದಳು. "ಜಾಗ ಆರಿಸೋ ಮುಂಚೆ ಒಬ್ಬೊಬ್ಬರೂ ಈ ಚಕ್ರ ಕೈಲಿ ಹಿಡೀಬೇಕು. ಹಿಡಿದು, ತಮ್ಮ ಮೈ ಹೇಗಿದೆ ಅಂತ ನಿಜ ಹೇಳ್ಬೇಕು. ಯಾರೂ ನಗಬಾರ್ದು, ಯಾರನ್ನೂ ಬಿಟ್ಟು ಹೋಗಬಾರ್ದು. ಆಮೇಲೆ ಬೆಟ್ಟ."

ಗ್ರೇಮ್ ಹಿಡಿದ. "ಮೊಣಕಾಲು ನೋವು. ನಿಮ್ಗೆ ಗೊತ್ತಿರೋದೇ," ಎಂದ.

ಚಕ್ರ ಹೋಹೆಪಾನ ಕೈಗೆ ಬಂತು. ಅವನು ಮುರಿದ ಹಲ್ಲುಗಳನ್ನು ಬೆರಳಲ್ಲಿ ಒಂದೊಂದಾಗಿ ತಡವಿದ.

"ಏನೋ, ನಿಂಗೇನೂ ಇಲ್ವಾ? ಹುಲಿ ನೀನು!" ಎಂದು ಗ್ರೇಮ್ ಕೆಣಕಿದ.

"ನಗಬಾರ್ದು ಅಂತ ಹೇಳಿದಾಳೆ," ಎಂದ ಹೋಹೆಪಾ. ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದ. "ಮರದ ನೆರಳಲ್ಲಿ ನಂಗೆ ಬೇರು ಕಾಣಲ್ಲ. ಒಂದು ವರ್ಷ ಆಯ್ತು. ಬಿಸಿಲಿಂದ ನೆರಳಿಗೆ ಹೋದ್ರೆ ಸ್ವಲ್ಪ ಹೊತ್ತು ಎಲ್ಲ ಒಂದೇ ಬಣ್ಣ. ಡಾಕ್ಟರ ಹತ್ರ ಹೋಗಿಲ್ಲ."

ಹುಯಿಯಾ ಅವನನ್ನೇ ನೋಡಿದಳು. ರೂರೂ ಬೆಟ್ಟಕ್ಕೆ ಹೋಗಿದ್ದರೆ ಬೇರು ಕಾಣದವನು ಮುಂದೆ ಇರುತ್ತಿದ್ದ, ಬ್ರೇಕ್ ಹಿಡಿಯಲಾಗದವಳು ಅವನ ಬೆನ್ನ ಹಿಂದೆಯೇ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ.

"ಅಯ್ಯೋ ಮಾರಾಯ," ಎಂದಳು. ಅವನ ಕೈಯನ್ನು ಬಲಗೈಯಲ್ಲೇ ಗಟ್ಟಿಯಾಗಿ ಹಿಡಿದಳು.

"ನನ್ನ ಪೈ ತಿಂದೋರು ಯಾರು ಅಂತಾನೂ ಇದೇ ಚಕ್ರ ಹಿಡಿದು ಹೇಳ್ಬಿಡಿ," ಎಂದ ಗ್ರೇಮ್.

ಸೋಮವಾರ ಹೋಹೆಪಾ ಕಣ್ಣಿನ ಡಾಕ್ಟರ ಹತ್ತಿರ ಹೋದ. ಹುಯಿಯಾ ಕೈಯ ಡಾಕ್ಟರ ಹತ್ತಿರ ಹೋದಳು. ರೂರೂ ಬೆಟ್ಟ ಅಲ್ಲೇ ಇದೆ. ಮಾರ್ಚ್‌ಗೆ ಹೋಗಬಹುದೋ ಇಲ್ಲವೋ ಅಂತ ಫೆಬ್ರವರಿಯಲ್ಲಿ ಚಕ್ರ ಹಿಡಿದು ಹೇಳುತ್ತಾರಂತೆ.

ಹಳೇ ಸವಾರರೇ, ಈ ಮಾತು ನಿಮಗೇ. ಹೊಸ ಬೆಟ್ಟ ಆರಿಸುವ ಮುಂಚೆ ಹೋದ ವಾರ ಅಲ್ಲಿ ಇಳಿದವರಿಗೆ ಒಂದು ಫೋನ್ ಮಾಡಿ. ಅಲ್ಲಿನ ಮಣ್ಣು ಮಳೆಗೆ ಏನಾಗುತ್ತದೆ, ನಡುವೆ ಹೊರಬೀಳುವ ದಾರಿ ಎಲ್ಲಿದೆ ಅಂತ ಕೇಳಿ. ನಿಮ್ಮೂರಿನ ಐದನೇ ದರ್ಜೆಯನ್ನು ಅವರೂರಿಗೆ ಹೊತ್ತುಕೊಂಡು ಹೋಗಬೇಡಿ. ಯಾವಾಗ ವಾಪಸು ಬರುತ್ತೀರಿ ಅಂತ ಮನೆಯಲ್ಲಿ ಉಳಿದವರೊಬ್ಬರಿಗೆ ಹೇಳಿ ಹೊರಡಿ. ಇದಕ್ಕೆಲ್ಲ ಮೊದಲು, ಜೊತೆಗೆ ಬರುವವರನ್ನು ಕೂರಿಸಿಕೊಂಡು, "ಮೈ ಹೇಗಿದೆ?" ಅಂತ ಕೇಳಿ. ಅವರು ಹೇಳಲಿ ಅಂತ ಕಾಯಬೇಡಿ. ನಿಮ್ಮದನ್ನು ನೀವೇ ಮೊದಲು ಹೇಳಿ.