ನಿಲ್ಲದ ಗಾಡಿಯ ಕೆಂಪು ಸ್ವಿಚ್ಚು

ಸ್ಕ್ರೂ ಎಷ್ಟು ಸಲೀಸಾಗಿ ಬಿಚ್ಚಿಕೊಂಡು ಬಂತು, ಇಷ್ಟೇನಾ, ಇಷ್ಟು ಮಾಡಿಸಲು ಒಂದು ಕೈ ಮುರಿಯಬೇಕಾಗಿತ್ತಾ — ಪ್ಲಾಸ್ಟರ್ ಹಾಕಿದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಭವ್ಯ ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದಾಳೆ, ಮೆಕ್ಯಾನಿಕ್ ಮಾದೇವ ಎಟಿವಿಯ, ಬೈಕಿನಂಥ ಆ ನಾಲ್ಕು ಚಕ್ರದ ಗಾಡಿಯ ಹ್ಯಾಂಡಲಿನಿಂದ ಕೆಂಪು ಸ್ವಿಚ್ಚನ್ನು ಕಳಚುತ್ತಿದ್ದಾನೆ, ಒತ್ತಿದರೆ ಇಂಜಿನ್ ನಿಲ್ಲಬೇಕಾದ ಸ್ವಿಚ್ಚು, ನಿಲ್ಲುತ್ತಿಲ್ಲ ಅಂತ ಅವಳು ಮ್ಯಾನೇಜರ್ ಸೋಮೇಶನಿಗೆ ದಸರಾಕ್ಕೆ ಮುಂಚೆಯೇ ಹೇಳಿದ್ದಳು, ಆಮೇಲೂ ಹೇಳಿದ್ದಳು, ನೋಡನ ಬುಡಮ್ಮಿ, ಸೀಸನ್ ಮುಗೀಲಿ ಅಂದಿದ್ದ, ಹೌದು ಸೀಸನ್, ಗೋಪಾಲಸ್ವಾಮಿ ಬೆಟ್ಟ ಇಳಿದವರೆಲ್ಲ ಈ ರೆಸಾರ್ಟಿಗೆ ಬಂದು ನಾಲ್ಕು ಚಕ್ರದ ಗಾಡಿಯಲ್ಲಿ ಧೂಳೆಬ್ಬಿಸಬೇಕು, ಮುಂದೆ ದಾರಿ ತೋರಿಸಲು ಭವ್ಯ, ಗುಂಡ್ಲುಪೇಟೆ ರಸ್ತೆಯ ಬೋರ್ಡಿನಲ್ಲಿ ಅವಳದೇ ಫೋಟೊ, ಅದೇ ಭವ್ಯ ಈಗ ಗಾಬರಿ ಬಿದ್ದವಳು, ಆಸ್ಪತ್ರೆಯಲ್ಲಿ ಅವಳ ತಲೆದಿಂಬಿನ ಪಕ್ಕ ನಿಂತೇ ಸೋಮೇಶ ಮಾಲೀಕರಿಗೆ ಫೋನು ಮಾಡಿದ, ಗಾಡೀಲಿ ಏನೂ ಇಲ್ಲ ಸಾರ್, ಹುಡುಗಿ ಗಾಬ್ರಿ ಬಿದ್ಬುಟ್ಲು, ಅವ್ವನಿಗೂ ಕೇಳಿಸಿತು, ಓಗ್ಲಿ ಬುಡು ಮಗ, ಜೀವ ಉಳೀತಲ್ಲ ಅಂದಳು — ಯಾಕೆ ಬಿಡಬೇಕು, ಆಕ್ಸಿಲರೇಟರ್ ಅಂಟಿಕೊಂಡಿತ್ತು, ಸ್ವಿಚ್ಚು ಒತ್ತಿದರೂ ನಿಲ್ಲದು, ಇಳಿಜಾರು, ಬ್ರೇಕು ಸಾಲದು, ಎದುರಿಗೆ ಫೋಟೊ ತೆಗೆಯುತ್ತ ನಿಂತ ಬಸುರಿ ಹೆಂಗಸು, ಗಾಬರಿ ಬಿದ್ದವಳು ಗಾಡಿಯನ್ನು ಲಂಟಾನದ ಪೊದೆಗೆ ತಿರುಗಿಸುತ್ತಾಳಾ, ತನ್ನ ಕೈ ಮುರಿದುಕೊಳ್ಳುತ್ತಾಳಾ.

ಮಾದೇವ ಹೊಸದರ ವೈರು ಸಿಕ್ಕಿಸಿ ಇಂಜಿನ್ ಚಾಲೂ ಮಾಡಿದ, ಒತ್ತಿದ, ತಟ್ಟನೆ ನಿಂತಿತು, ಎಷ್ಟು ವಿಧೇಯವಾಗಿ ನಿಂತಿತು, ಅವಳ ಮೈಯೆಲ್ಲ ಉರಿಯಿತು. ಹಳೆಯದನ್ನು ಏನು ಮಾಡುತ್ತೀಯ ಅಂದಳು. ಅವನು ಮುಖ ಎತ್ತಲಿಲ್ಲ.

"ಎಸ್ದ್‌ಬುಡು ಅಂದವ್ರೆ ಮ್ಯಾನೇಜ್ರು ಕಣಮ್ಮಿ. ಮಾಲೀಕ್ರು ಬಂದವ್ರೆ, ಗಾಡಿ ನೋಡ್ತಾರಂತೆ."

"ನಂಗೆ ಕೊಡು ಮಾದೇವಣ್ಣ."

"ಕೊಟ್ರೆ ನನ್ ಕೆಲ್ಸ ಓಯ್ತದೆ."

"ಕೊಡ್ಬ್ಯಾಡ. ಕೆಳಗೆ ಮಡಗು, ನಾನೇ ಎತ್ಕತೀನಿ."

ಅವನು ನೆಲದ ಮೇಲಿಟ್ಟು ಕೈ ತೊಳೆಯಲು ಹೋದ, ಒಳ್ಳೆಯವನು, ಅಂಜುಬುರುಕ, ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ಕೆಲಸ ಬೇಕು, ಅವಳಿಗೆ ಬೇಡವಾ — ಆಫೀಸಿನ ಬಾಗಿಲು ತಳ್ಳಿದಳು, ಚಪ್ಪಲಿ ಬಿಡಲಿಲ್ಲ, ಮಾಲೀಕರ ಕಾಫಿ ಲೋಟದ ಪಕ್ಕ ಸ್ವಿಚ್ಚನ್ನು ಕುಕ್ಕಿದಳು, ಹಿಂಬದಿ ಮುಚ್ಚಳ ಕಳಚಿತು, ಒಳಗೆ ತಾಮ್ರವೆಲ್ಲ ಹಸಿರುಗಟ್ಟಿದೆ, ನೋಡಿ ಸಾರ್, ನನ್ನ ಗಾಬರಿ ಇಲ್ಲಿದೆ. ಮಾಲೀಕರು ಅದನ್ನೇ ನೋಡಿದರು, ಇವಳು ಮೊದಲೇ ಹೇಳಿದ್ದಳಾ ಅಂತ ಪಕ್ಕದಲ್ಲಿದ್ದ ಸೋಮೇಶನನ್ನು ಕೇಳಿದರು. ಅವನು ಸ್ವಿಚ್ಚನ್ನು ಕೈಗೆತ್ತಿಕೊಂಡು ನೋಡಿ ಮತ್ತೆ ಇಟ್ಟ.

"ಹೇಳಿದ್ಲು ಸಾರ್," ಅಂದ ಸೋಮೇಶ.

ಇಷ್ಟೇ ತಾನೇ ಬೇಕಾಗಿದ್ದುದು, ಗೆದ್ದೆ ಅನ್ನಿಸಬೇಕಿತ್ತು, ಮಾಲೀಕರು ಏನೋ ಹೇಳುತ್ತಿದ್ದಾರೆ, ಕೂತ್ಕೊಳಮ್ಮ ಅನ್ನುತ್ತಿದ್ದಾರೆ, ಅವಳಿಗೆ ಕೇಳಿಸುತ್ತಿಲ್ಲ, ಪ್ಲಾಸ್ಟರಿನಿಂದ ಆಚೆ ಬಂದ ಹೆಬ್ಬೆರಳು ಇಲ್ಲದ ಸ್ವಿಚ್ಚನ್ನು ತಾನಾಗಿಯೇ ಒತ್ತುತ್ತಿದೆ, ಒತ್ತುತ್ತಿದೆ, ಮತ್ತೆ ಅದೇ ಇಳಿಜಾರು, ಗಾಡಿ ನಿಲ್ಲುತ್ತಿಲ್ಲ, ಆ ಬಸುರಿ ಹೆಂಗಸು ನಡುವಿಗೆ ಕೈಯಿಟ್ಟುಕೊಂಡು ನಿಧಾನವಾಗಿ ಇತ್ತ ತಿರುಗುತ್ತಿದ್ದಾಳೆ, ಒತ್ತುತ್ತಿದೆ, ತಿರುಗುತ್ತಿದ್ದಾಳೆ, ಒತ್ತು —